ಅವರ ಮಾತು, ನಮ್ಮ ಕೈ: ಘೋಸ್ಟ್ ರೈಟಿಂಗ್ ಮಾಡುವವರಿಗೆ ಒಂದು ಸಮಗ್ರ ಮಾರ್ಗದರ್ಶಿ

ಕೆಲವರ ಹತ್ತಿರ ಹೇಳಲು ರಾಶಿ ಮಾತು ಇರುತ್ತದೆ. ಬರೆಯಲು ಕೂತರೆ ಒಂದು ಸಾಲೂ ಬರುವುದಿಲ್ಲ. ಆಗ ಇನ್ನೊಬ್ಬರು ಎದುರು ಕೂತು ಕೇಳಿ ಬರೆದುಕೊಡುತ್ತಾರೆ. ಪುಸ್ತಕದ ಮೇಲೆ ಹೇಳಿದವರ ಹೆಸರು ಬರುತ್ತದೆ, ಬರೆದವರಿಗೆ ಸಂಭಾವನೆ ಸಿಗುತ್ತದೆ. ಇದೇ ಘೋಸ್ಟ್ ರೈಟಿಂಗ್. ನಮ್ಮ ಧಾರವಾಡದ ಕಡೆ ಇದಕ್ಕೆ ಸುಮ್ನೆ "ಬರೆದುಕೊಡೋದು" ಅನ್ನುತ್ತೇವೆ.

ನಾನು ಬಹಳ ವರ್ಷಗಳಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಹುಬ್ಬಳ್ಳಿಯ ವ್ಯಾಪಾರಿಗಳಿಗೆ, ಗದಗಿನ ನಿವೃತ್ತ ಮಾಸ್ತರರಿಗೆ, ಹಾವೇರಿ ಕಡೆಯ ರೈತರಿಗೆ ಬರೆದುಕೊಟ್ಟಿದ್ದೇನೆ. ಯಾರು ಅಂತ ಹೇಳುವ ಹಾಗಿಲ್ಲ. ಹೇಗೆ ಬರೆಯಬೇಕು ಅನ್ನುವುದನ್ನು ಹೇಳಬಹುದು. ಈ ಕೆಲಸಕ್ಕೆ ಹೊಸದಾಗಿ ಇಳಿಯುವವರು ತುಂಬಾ ಜನ ಕೇಳುತ್ತಾರೆ, ಅವರಿಗಾಗಿ ಇದು.

ಇದು ಮೋಸ ಅಲ್ವಾ?

ಮೊದಲು ಎಲ್ಲರೂ ಕೇಳುವುದು ಇದನ್ನೇ. ಕೇಳಬೇಕಾದ ಪ್ರಶ್ನೆಯೇ.

ಇನ್ನೊಬ್ಬರಿಗಾಗಿ ಬರೆಯುವುದು ಹೊಸದಲ್ಲ. ತಹಶೀಲ್ದಾರ್ ಕಚೇರಿ ಮುಂದೆ ಮರದ ಕೆಳಗೆ ಟೇಬಲ್ ಹಾಕಿಕೊಂಡು ಅರ್ಜಿ ಬರೆದುಕೊಡುವವರನ್ನು ನಾವೆಲ್ಲ ನೋಡಿದ್ದೇವೆ. ಗದಗಿನ ವೀರನಾರಾಯಣನ ಗುಡಿಯಲ್ಲಿ ಕೂತು ಭಾರತ ಬರೆದ ಕುಮಾರವ್ಯಾಸ, ಕವಿ ಅಂದರೆ ವೀರನಾರಾಯಣ, ತಾನು ಬರೀ ಲಿಪಿಕಾರ ಅಂದ. ಅಷ್ಟು ದೊಡ್ಡ ಕವಿ ಹಾಗೆ ಹೇಳಿದ್ದು ಭಕ್ತಿಯಿಂದ. ನಮ್ಮದು ಕೂಲಿಯ ಕೆಲಸ, ಅದಕ್ಕೆ ಹೋಲಿಕೆ ಸಲ್ಲದು. ಆದರೆ ಲಿಪಿಕಾರ ಅನ್ನುವ ಆ ಪದ ನನಗೆ ತುಂಬಾ ಇಷ್ಟ. ಅಮೆರಿಕದಲ್ಲಿ ಇದು ದೊಡ್ಡ ವ್ಯವಹಾರವಾಗಿ ನೂರು ವರ್ಷ ದಾಟಿದೆ. 1921ರಲ್ಲಿ ಕ್ರಿಸ್ಟಿ ವಾಲ್ಶ್ ಎಂಬಾತ ಒಂದು ಸಂಸ್ಥೆ ಕಟ್ಟಿ, ಬೇಸ್‌ಬಾಲ್ ಆಟಗಾರ ಬೇಬ್ ರೂತ್ ಹೆಸರಿನಲ್ಲಿ ಪತ್ರಕರ್ತರಿಂದ ಲೇಖನ ಬರೆಸಿ ಪತ್ರಿಕೆಗಳಿಗೆ ಮಾರಿದ.

ಹಾಗಾದರೆ ಗೆರೆ ಎಲ್ಲಿ ಎಳೆಯಬೇಕು? ಬದುಕು ಅವರದು, ಅನುಭವ ಅವರದು, ವಿಚಾರ ಅವರದು, ವಾಕ್ಯ ಮಾತ್ರ ನಮ್ಮದು ಅಂದರೆ ಅದು ಸರಿ. ಬರೆಯುವ ಅಥವಾ ಕಲಿತ ಶಕ್ತಿಗೇ ಅಂಕ, ಪದವಿ ಕೊಡುವ ಕಡೆ ಬರೆದುಕೊಟ್ಟರೆ ಅದು ತಪ್ಪು. ಧಾರವಾಡ ವಿದ್ಯಾರ್ಥಿಗಳ ಊರು. ಪಿಎಚ್‌ಡಿ ಪ್ರಬಂಧ ಬರೆದುಕೊಡ್ತೀರಾ ಅಂತ ವರ್ಷಕ್ಕೆ ನಾಲ್ಕಾರು ಜನ ಕೇಳುತ್ತಾರೆ. ಹಣವೂ ಜಾಸ್ತಿ ಕೊಡುತ್ತಾರೆ. ಮಾಡಬೇಡಿ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮದಂತೆ ಪ್ರಬಂಧ ಸಲ್ಲಿಸುವವರು ಇದು ನಾನೇ ಸಿದ್ಧಪಡಿಸಿದ್ದು, ನನ್ನ ಸ್ವಂತ ಕೆಲಸ ಎಂದು ಮುಚ್ಚಳಿಕೆ ಬರೆದುಕೊಡಬೇಕು. ನೀವು ಬರೆದುಕೊಟ್ಟರೆ ಆ ಮುಚ್ಚಳಿಕೆ ಸುಳ್ಳಾಗುತ್ತದೆ. ಅವರ ಪದವಿಯ ಜೊತೆ ನಿಮ್ಮ ಹೆಸರೂ ಹೋಗುತ್ತದೆ.

ಇನ್ನೊಂದು ದಾರಿಯೂ ಇದೆ, ಕನ್ನಡದಲ್ಲಿ ಮೊದಲಿನಿಂದ ಇರುವುದು. ಒಳಪುಟದಲ್ಲಿ "ನಿರೂಪಣೆ" ಎಂದು ಬರೆದವರ ಹೆಸರು ಹಾಕುವುದು. ಹೇಳಿದವರಿಗೂ ಗೌರವ, ಬರೆದವರಿಗೂ ಗುರುತು. ನಾನು ಪ್ರತಿ ಸಲ ಮೊದಲು ಇದನ್ನೇ ಕೇಳುತ್ತೇನೆ. ಒಪ್ಪಿದರೆ ಸಂತೋಷ, ಒಪ್ಪದಿದ್ದರೆ ಹೆಸರಿಲ್ಲದೆ ಮಾಡುತ್ತೇನೆ.

ಯಾವ ಯಾವ ಕೆಲಸ ಬರುತ್ತದೆ

ಆತ್ಮಕಥೆ, ಮನೆತನದ ಕಥೆ, ಸಂಘ ಸಂಸ್ಥೆಯ ಇತಿಹಾಸ, ಸ್ಮರಣ ಸಂಚಿಕೆಯ ಲೇಖನ, ಪತ್ರಿಕೆಯ ಅಂಕಣ, ಭಾಷಣ. ಈಗ ಉದ್ಯಮಿಗಳು ಲಿಂಕ್ಡ್‌ಇನ್ ಪೋಸ್ಟ್ ಕೂಡ ಬರೆಸುತ್ತಾರೆ. ಶುಭ ಸಂದೇಶ, ಮುನ್ನುಡಿ ಅಂತ ಚಿಕ್ಕವೂ ಇರುತ್ತವೆ. ಕಲಿಯುವವರು ಭಾಷಣದಿಂದ ಶುರು ಮಾಡಿ. ಒಂದೇ ವಾರದಲ್ಲಿ ಕೆಲಸ ಮುಗಿಯುತ್ತದೆ, ಸಭೆಯಲ್ಲಿ ಕೂತು ಕೇಳಿದರೆ ನಿಮ್ಮ ವಾಕ್ಯ ಎಲ್ಲಿ ಎಡವಿತು ಅಂತ ಕಿವಿಗೇ ಗೊತ್ತಾಗುತ್ತದೆ. ಕನ್ನಡದಲ್ಲಿ ವೇದಿಕೆಯ ಮೇಲೆ ನಿಮಿಷಕ್ಕೆ ಸುಮಾರು 90 ಪದ, ಇದು ನಾನೇ ಅಳೆದುಕೊಂಡ ಲೆಕ್ಕ. ಹತ್ತು ನಿಮಿಷಕ್ಕೆ 900 ಪದ ಸಾಕು. ಅಕ್ಷರ ದಪ್ಪಗಿರಲಿ, ಒಂದು ವಾಕ್ಯ ಎರಡು ಪುಟಕ್ಕೆ ಹರಿಯದಿರಲಿ.

ಮುಂದೆ ಹೇಳುವುದೆಲ್ಲ ಹೆಚ್ಚಾಗಿ ಆತ್ಮಕಥೆಯ ಬಗ್ಗೆ. ಇದರಲ್ಲಿ ಪಳಗಿದವರಿಗೆ ಉಳಿದವು ಕಷ್ಟವಲ್ಲ.

ಮೊದಲ ಭೇಟಿ

ಮೊದಲ ದಿನ ಪೆನ್ನು ತೆಗೆಯಬೇಡಿ. ಚಹಾ ಕುಡಿಯಿರಿ, ಮಾತು ಕೇಳಿ. ಮೂರು ವಿಷಯ ತಿಳಿದುಕೊಂಡು ಎದ್ದು ಬಂದರೆ ಸಾಕು. ಪುಸ್ತಕ ಬೇಕಾಗಿರುವುದು ಯಾರಿಗೆ? ಓದುವವರು ಯಾರು? ಕೊನೆಯ ಮಾತು ಯಾರದು?

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಎಷ್ಟೋ ಸಲ ಪುಸ್ತಕ ಬೇಕಾಗಿರುವುದು ಮಗನಿಗೆ, ಹೇಳಬೇಕಾಗಿರುವುದು ತಂದೆ. ತಂದೆಗೆ ತಾನು ಉಪವಾಸ ಬಿದ್ದ ದಿನಗಳನ್ನು ಹೇಳಬೇಕು, ಮಗನಿಗೆ ಅದು ಬೇಡ. ಇಬ್ಬರನ್ನೂ ಕೂರಿಸಿ ಅವತ್ತೇ ಕೇಳಿ: "ಅಜ್ಜಾರ ಒಂದು ಹೇಳಿ, ನೀವು ಇನ್ನೊಂದು ಹೇಳಿದರೆ ನಾನು ಯಾರ ಮಾತು ಬರೀಬೇಕ್ರೀ?" ಉತ್ತರ ಕಾಗದದ ಮೇಲೆ ಬರಬೇಕು.

ಕಾಗದ ಪತ್ರ

ನನ್ನ ಮೊದಲ ದೊಡ್ಡ ಕೆಲಸ ಒಂದು ಸಂಸ್ಥೆಯ ಇತಿಹಾಸ. "ನೀವೇನ್ ಹೊರಗಿನವರಾ, ಕೊಡ್ತೀವಿ ತಗೋರಿ" ಅಂದರು. ನಂಬಿದೆ. ಎಂಟು ತಿಂಗಳು ಬರೆದೆ. ಪುಸ್ತಕ ಬಿಡುಗಡೆ ಆಯಿತು, ಅರ್ಧ ಹಣ ಇವತ್ತಿಗೂ ಬಂದಿಲ್ಲ. ಕೇಳಲು ಹೋದಾಗ ಪದಾಧಿಕಾರಿಗಳು ಬದಲಾಗಿದ್ದರು. ಹೊಸಬರಿಗೆ ನನ್ನ ಗುರುತೇ ಇರಲಿಲ್ಲ, ತೋರಿಸಲು ನನ್ನ ಹತ್ತಿರ ಒಂದು ಚೀಟಿಯೂ ಇರಲಿಲ್ಲ. ಆವತ್ತಿನಿಂದ ಒಪ್ಪಂದ ಇಲ್ಲದೆ ಒಂದು ಪುಟವನ್ನೂ ಬರೆದಿಲ್ಲ.

ಎರಡು ಪುಟದ ಸರಳ ಕನ್ನಡದ ಒಪ್ಪಂದ ಸಾಕು. ಎಷ್ಟು ಪುಟ, ಎಷ್ಟು ತಿಂಗಳು, ಎಷ್ಟು ಸಲ ತಿದ್ದಿಕೊಡುವುದು, ಹಣದ ಕಂತುಗಳು, ಹೆಸರು ಎಲ್ಲಿ ಬರುತ್ತದೆ ಅಥವಾ ಬರುವುದಿಲ್ಲ, ಗುಟ್ಟು ಎಲ್ಲಿಯವರೆಗೆ, ಕೆಲಸ ನಡುವೆ ನಿಂತರೆ ಏನು, ಅವರು ತೀರಿಕೊಂಡರೆ ಮುಂದೆ ಯಾರು. ಕೊನೆಯದನ್ನು ಬರೆಯಲು ಸಂಕೋಚ ಆಗುತ್ತದೆ. ಆದರೂ ಬರೆಯಿರಿ. ನಮಗೆ ಕಥೆ ಹೇಳುವವರು ಹೆಚ್ಚಿನವರು ಎಂಬತ್ತು ದಾಟಿದವರು.

ಕಾನೂನಿನ ಮಾತೂ ಗೊತ್ತಿರಲಿ. ನಮ್ಮ ದೇಶದ ಕಾಪಿರೈಟ್ ಕಾಯ್ದೆ 1957ರದು. ಅದರ 17ನೇ ಕಲಂ ಪ್ರಕಾರ ಬರಹದ ಮೊದಲ ಹಕ್ಕು ಬರೆದವರದು. ನೌಕರಿಯ ಭಾಗವಾಗಿ ಬರೆದರೆ ಮಾತ್ರ ಬೇರೆ ಒಪ್ಪಂದ ಇಲ್ಲದಿದ್ದಾಗ ಅದು ಮಾಲೀಕರದು. ಹಾಗಾಗಿ ಸ್ವತಂತ್ರವಾಗಿ ಬರೆದುಕೊಡುವ ನಾವು ಹಕ್ಕನ್ನು ಬರವಣಿಗೆಯಲ್ಲಿ, ಸಹಿ ಹಾಕಿ ವರ್ಗ ಮಾಡಿಕೊಡಬೇಕು. 19ನೇ ಕಲಂ ಇದನ್ನೇ ಹೇಳುತ್ತದೆ. ಎಷ್ಟು ವರ್ಷಕ್ಕೆ ಅಂತ ಬರೆಯದಿದ್ದರೆ ಐದು ವರ್ಷಕ್ಕೆ ಮಾತ್ರ ಕೊಟ್ಟಂತೆ. ಎಲ್ಲಿಗೆ ಅಂತ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಬರೆಸುವವರಿಗೆ ಇದು ಗೊತ್ತಿರುವುದಿಲ್ಲ, ನೀವೇ ತಿಳಿಸಿ ಹೇಳಿ. ಆ ಪ್ರಾಮಾಣಿಕತೆಯಿಂದಲೇ ಮುಂದಿನ ಕೆಲಸ ಬರುತ್ತದೆ. ಹಣ ಮುಟ್ಟಿದ ಮೇಲೆ ಹಕ್ಕು ವರ್ಗ ಆಗುತ್ತದೆ ಎಂಬ ಒಂದು ಸಾಲು ಇರಲೇಬೇಕು.

ಹಕ್ಕು ಕೊಟ್ಟ ಮೇಲೂ ಇದು ನಾನು ಬರೆದದ್ದು ಎಂದು ಹೇಳಿಕೊಳ್ಳುವ ಹಕ್ಕನ್ನು 57ನೇ ಕಲಂ ಲೇಖಕರಿಗೆ ಬಿಟ್ಟಿದೆ. ಅದಕ್ಕೇ "ಹೆಸರು ಕೇಳುವುದಿಲ್ಲ" ಎಂದು ಬೇರೆಯಾಗಿ ಬರೆಸಿಕೊಳ್ಳುತ್ತಾರೆ. ಓದಿ, ಯೋಚಿಸಿ ಸಹಿ ಮಾಡಿ. ಭಾಷಣದ ಲೆಕ್ಕ ಬೇರೆ. ಸಾರ್ವಜನಿಕ ಭಾಷಣದ ಮೊದಲ ಹಕ್ಕು ಅದನ್ನು ಮಾಡಿದವರಿಗೇ ಹೋಗುತ್ತದೆ.

ಹಣ

ಪುಟಕ್ಕೆ ಇಷ್ಟು ಅಂತ ಒಪ್ಪಿಕೊಳ್ಳಬೇಡಿ. ಪುಟ ನೋಡಿದರೆ ಕೇಳಿಸಿಕೊಂಡ ದುಡಿಮೆ ಕಾಣುವುದಿಲ್ಲ. ಒಂದು ಗಂಟೆಯ ರೆಕಾರ್ಡಿಂಗ್ ಅಕ್ಷರಕ್ಕಿಳಿಸಲು ನನಗೆ ಐದು ಗಂಟೆ ಬೇಕು. ಒಂದು ಸಾಧಾರಣ ಆತ್ಮಕಥೆಗೆ ಹದಿನೈದು ಗಂಟೆಯ ಮಾತು. ಅಂದರೆ ಬರೆಯಲು ಶುರು ಮಾಡುವ ಮೊದಲೇ 75 ಗಂಟೆ ಹೋಗಿರುತ್ತದೆ. ನಿಮ್ಮ ಒಂದು ದಿನದ ದುಡಿಮೆಗೆ ಎಷ್ಟು ಬೇಕು ಅಂತ ಮೊದಲು ಗಟ್ಟಿ ಮಾಡಿಕೊಳ್ಳಿ, ಒಟ್ಟು ದಿನಗಳಿಂದ ಗುಣಿಸಿ ಹೇಳಿ. ನಾನು ನಾಲ್ಕು ಕಂತು ಮಾಡುತ್ತೇನೆ: ಸಹಿ ಆದಾಗ, ಮಾತು ಮುಗಿದಾಗ, ಮೊದಲ ಕರಡು ಕೊಟ್ಟಾಗ, ಕೊನೆಯ ಪ್ರತಿ ಕೊಡುವ ಮುಂಚೆ. ಪುಸ್ತಕ ಬಿಡುಗಡೆಗೆ ಯಾವ ಕಂತನ್ನೂ ಕಟ್ಟಿಹಾಕಬೇಡಿ. ಬಿಡುಗಡೆ ಸ್ವಾಮಿಗಳ ದಿನಾಂಕಕ್ಕೆ, ಸಭಾಂಗಣಕ್ಕೆ ಅಂತ ಮುಂದೆ ಹೋಗುತ್ತಲೇ ಇರುತ್ತದೆ.

ಕೇಳುವುದು

ಈ ಕೆಲಸದ ಜೀವ ಇರುವುದು ಇಲ್ಲಿ. ಚೆನ್ನಾಗಿ ಬರೆಯುವ ಎಷ್ಟೋ ಜನ ಚೆನ್ನಾಗಿ ಕೇಳಲಾರದೆ ಸೋತಿದ್ದನ್ನು ನೋಡಿದ್ದೇನೆ.

ಒಂದು ಸಲಕ್ಕೆ ಒಂದೂವರೆ ಗಂಟೆ ಸಾಕು. ಹಿರಿಯರಿಗೆ ಬೆಳಗಿನ ಹೊತ್ತು ಒಳ್ಳೆಯದು. ಎರಡು ಕಡೆ ರೆಕಾರ್ಡ್ ಮಾಡಿ, ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ. ಫ್ಯಾನಿನ ಕೆಳಗೆ ಇಡಬೇಡಿ. ದಿನಾಂಕ, ಜಾಗ, ಯಾರು ಯಾರು ಇದ್ದರು ಅನ್ನುವುದನ್ನು ಶುರುವಿನಲ್ಲೇ ನಿಮ್ಮ ದನಿಯಲ್ಲಿ ಹೇಳಿ.

"ನಿಮ್ಮ ಬಾಲ್ಯದ ಬಗ್ಗೆ ಹೇಳಿ" ಅಂದರೆ ಏನೂ ಬರುವುದಿಲ್ಲ. "ಆಗ ಪಡಸಾಲ್ಯಾಗ ಏನೇನು ಇತ್ರೀ?" ಅನ್ನಿ, ಮಾತು ಬರುತ್ತದೆ. ಮೊದಲ ಪಗಾರದಲ್ಲಿ ಏನು ತಂದಿರಿ, ಯಾರ ಹೊಲದಲ್ಲಿ ದುಡಿದಿರಿ, ಸಾಲ ಮುಟ್ಟಿಸಿದ ದಿನ ಮನೆಯಲ್ಲಿ ಏನು ಅಡಿಗೆ ಅಂತ ಕೇಳಿ. ಆಗ ಇಡೀ ಕಾಲವೇ ಕಣ್ಣ ಮುಂದೆ ಬರುತ್ತದೆ. ಹೆಣ್ಣುಮಕ್ಕಳ ಕಥೆ ಬರೆಯುವುದಿದ್ದರೆ ಅವರು ಒಬ್ಬರೇ ಇರುವ ಹೊತ್ತು ಕೇಳಿಕೊಳ್ಳಿ. ಮನೆಮಂದಿ ಸುತ್ತ ಕೂತಾಗ "ಎಲ್ಲಾ ಛಲೋ ಇತ್ರೀ" ಅಂದ ಅವ್ವಾರು, ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುತ್ತ ಬೇರೆಯದೇ ಹೇಳಿದ್ದು ನನಗೆ ನೆನಪಿದೆ. ಸೆರಗಿನಿಂದ ಹಿಟ್ಟಿನ ಕೈ ಒರೆಸಿಕೊಂಡು, "ಇದನ್ನ ಬರೀಬ್ಯಾಡ ತಮ್ಮಾ, ಸುಮ್ನ ಕೇಳು" ಅಂದರು. ಬರೆಯಲಿಲ್ಲ. ಆದರೆ ಅದನ್ನು ಕೇಳಿದ್ದರಿಂದ ಉಳಿದದ್ದನ್ನು ಸರಿಯಾಗಿ ಬರೆಯಲು ಆಯಿತು.

ರೆಕಾರ್ಡರ್‌ಗೆ ಕೈ ಕಾಣುವುದಿಲ್ಲ ಅನ್ನುವುದನ್ನು ಮರೆಯಬೇಡಿ. ಬ್ಯಾಡಗಿಯ ಒಬ್ಬ ಹಳೆಯ ಮೆಣಸಿನಕಾಯಿ ವ್ಯಾಪಾರಿಯ ಕಥೆ ಬರೆಯುವಾಗ ಕಲಿತದ್ದು ಇದು. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಜಿಐ, ಅಂದರೆ ಇದು ಇಂಥ ಊರಿನ ಬೆಳೆ ಎಂಬ ಅಧಿಕೃತ ಗುರುತು ಸಿಕ್ಕಿದೆ. ಬಣ್ಣ ಜಾಸ್ತಿ, ಖಾರ ಕಡಿಮೆ. ಅದರಲ್ಲಿ ಕಡ್ಡಿ, ಡಬ್ಬಿ ಅಂತ ಎರಡು ಬಗೆ. ಅಜ್ಜಾರು ಕಾಯಿ ಎತ್ತಿ ಕಿವಿಯ ಹತ್ತಿರ ಅಲುಗಿಸಿದರು, ತೊಟ್ಟು ಮುರಿದರು, ಹೆಬ್ಬೆರಳಿಂದ ತಿಕ್ಕಿ ಕೆಂಪಾದ ಬೆರಳನ್ನು ನನ್ನತ್ತ ಹಿಡಿದು "ನೋಡ್ರಿ, ಹಿಂಗ ಬರಬೇಕು. ಕಡ್ಡಿ ಆದ್ರ ಇಷ್ಟುದ್ದ" ಅಂದರು. ಮನೆಗೆ ಬಂದು ಕೇಳಿದರೆ ಫೋನಿನಲ್ಲಿ "ಹಿಂಗ", "ಇಷ್ಟುದ್ದ" ಅಷ್ಟೇ. ಈಗ ನಾನು ಆಗಿಂದಾಗಲೇ ಬಾಯಿಬಿಟ್ಟು ಕೇಳುತ್ತೇನೆ: "ಅಂದ್ರ ಒಂದು ಗೇಣು ಅನ್ನರಿ ಅಜ್ಜಾರ?" ಅವರು ಹೌದು ಅಂದರೆ ಅಳತೆ ದಾಖಲಾಯಿತು. ಎದ್ದು ಬಂದ ಕೂಡಲೇ ಬಸ್ಸಿನಲ್ಲಿ ಕೂತು ಕಂಡದ್ದನ್ನೆಲ್ಲ ಬರೆದಿಡಿ. ರಾತ್ರಿಗೆ ಅರ್ಧ ಮರೆತಿರುತ್ತದೆ.

ಅಕ್ಷರಕ್ಕಿಳಿಸುವ ಆ್ಯಪ್‌ಗಳು ಬಂದಿವೆ. ನಮ್ಮ ಕಡೆಯ ಮಾತನ್ನು ಅವು ಬಹಳ ತಪ್ಪಾಗಿ ಕೇಳಿಸಿಕೊಳ್ಳುತ್ತವೆ. ಅದಕ್ಕಿಂತ ಹೆಚ್ಚಾಗಿ, ಒಬ್ಬರು ನಂಬಿ ಹೇಳಿದ ಮಾತನ್ನು ಅವರನ್ನು ಕೇಳದೆ ಯಾವುದೋ ಕಂಪನಿಯ ಸರ್ವರಿಗೆ ಏರಿಸಬಾರದು.

ನೆನಪನ್ನು ತಾಳೆ ನೋಡುವುದು

ಹಿರಿಯರು ಸುಳ್ಳು ಹೇಳುವುದಿಲ್ಲ, ನೆನಪು ಜಾಗ ಬದಲಿಸಿರುತ್ತದೆ. "1965ರಲ್ಲಿ ಹಾವೇರಿ ಜಿಲ್ಲಾದಾಗ" ಅಂದರೆ ಅಲ್ಲೇ ನಿಲ್ಲಿ. ಗದಗ, ಹಾವೇರಿ ಜಿಲ್ಲೆಗಳಾಗಿದ್ದು 1997ರಲ್ಲಿ. ಅದಕ್ಕೂ ಮುಂಚೆ ಎರಡೂ ಧಾರವಾಡ ಜಿಲ್ಲೆಯಲ್ಲಿದ್ದವು. 1956ರ ನವೆಂಬರ್ 1ರವರೆಗೆ ಧಾರವಾಡವೇ ಮುಂಬಯಿ ರಾಜ್ಯದಲ್ಲಿತ್ತು, ಆದ್ದರಿಂದ ಹಳೆಯ ಶಾಲೆಯ ದಾಖಲೆಯಲ್ಲಿ ಮರಾಠಿ ಕಂಡರೆ ಗಾಬರಿ ಬೇಡ. ಆಣೆಯ ಲೆಕ್ಕ 1957ರವರೆಗೆ, ಹದಿನಾರು ಆಣೆಗೆ ಒಂದು ರೂಪಾಯಿ. ಹುಬ್ಬಳ್ಳಿ ಧಾರವಾಡ ಒಂದೇ ಮಹಾನಗರ ಪಾಲಿಕೆ ಆದದ್ದು 1962ರಲ್ಲಿ. ಇಂಥ ಹತ್ತಿಪ್ಪತ್ತು ಇಸವಿಗಳ ಪಟ್ಟಿ ಗೋಡೆಗೆ ಅಂಟಿಸಿಕೊಳ್ಳಿ. ಹಳೆಯ ಪಹಣಿ, ಮದುವೆ ಕಾರ್ಡು, ಶಾಲೆ ಬಿಟ್ಟ ಸರ್ಟಿಫಿಕೇಟು ಕೇಳಿ ನೋಡಿ. ಬದುಕಿರುವವರ ಮೇಲೆ ಆರೋಪ ಬಂದರೆ ದಾಖಲೆ ಇಲ್ಲದೆ ಬರೆಯಬೇಡಿ, ಮಾನಹಾನಿ ಕೇಸು ಅವರ ಜೊತೆ ನಿಮ್ಮನ್ನೂ ಎಳೆಯಬಹುದು.

ಆದರೆ ದಿನಾಂಕ ತಿದ್ದುವ ಭರದಲ್ಲಿ ಅವರು ಕಾಲ ಅಳೆಯುವ ರೀತಿ ಅಳಿಸಬೇಡಿ. "ಕಾರಹುಣ್ಣಿಮೆ ಆಗಿ ಎಂಟು ದಿನಕ್ಕೆ" ಅಂದಿದ್ದರೆ ಅದನ್ನೇ ಬರೆಯಿರಿ. ಅದನ್ನು ಜೂನ್ ತಿಂಗಳು ಮಾಡಿದರೆ ಹೊಲವೇ ಮಾಯ ಆಗುತ್ತದೆ.

ಅವರ ದನಿಯಲ್ಲಿ ಬರೆಯುವುದು

ಈಗ ಅತಿ ಕಷ್ಟದ್ದು. ನಮ್ಮ ಭಾಗದ ಮಾತಿಗೂ ಪುಸ್ತಕದ ಕನ್ನಡಕ್ಕೂ ದೂರ ಜಾಸ್ತಿ. ಹಾಗಾಗಿ ಇಲ್ಲಿ ಬರೆದುಕೊಡುವವರಿಗೆ ದಿನವೂ ಇದೇ ಪ್ರಶ್ನೆ: ಎಷ್ಟು ಉಳಿಸಬೇಕು, ಎಷ್ಟು ತಿದ್ದಬೇಕು?

ಆ ಮೆಣಸಿನಕಾಯಿ ಅಜ್ಜಾರು ಹೇಳಿದ್ದು ಹೀಗೆ:

"ಅವಾಗ ಏನ್ ಇತ್ರೀ? ಒಂದ ಚಕ್ಕಡಿ, ಎರಡ ಎತ್ತು. ನಮ್ಮಪ್ಪ ರಾತ್ರಿ ಚೀಲಾ ಹೇರ್ಕೊಂಡು ಹೊಂಟ್ರ ಬೆಳಕ ಹರಿಯೋದ್ರಾಗ ಬ್ಯಾಡಗಿ ಮುಟ್ಟಬೇಕು. ನಾ ಚೀಲದ ಮ್ಯಾಲ ಮಲಗತಿದ್ದೆ. ಕಣ್ಣು ಉರೀತಿದ್ವು. ಮೆಣಸಿನಕಾಯಿ ಚೀಲ ಅಲ್ಲೇನ್ರೀ? ಹಂಗಾತು."

ನಾನು ಮೊದಲು ಬರೆದದ್ದು:

"ಅಂದಿನ ದಿನಗಳಲ್ಲಿ ನಮ್ಮ ಕುಟುಂಬವು ತೀವ್ರ ಬಡತನದಲ್ಲಿತ್ತು. ನನ್ನ ತಂದೆಯವರು ಎತ್ತಿನ ಬಂಡಿಯಲ್ಲಿ ಮೆಣಸಿನಕಾಯಿಯನ್ನು ಮಾರುಕಟ್ಟೆಗೆ ಸಾಗಿಸುತ್ತಿದ್ದರು. ಬಾಲಕನಾಗಿದ್ದ ನಾನು ಅನೇಕ ಕಷ್ಟಗಳನ್ನು ಅನುಭವಿಸಿದೆನು."

ಮಗನಿಗೆ ಬಹಳ ಸೇರಿತು. ಅಜ್ಜಾರಿಗೆ ಓದಿ ಹೇಳಿದೆ. ಸುಮ್ಮನೆ ಕೇಳಿದರು. ಆಮೇಲೆ "ಇದು ಯಾರ ಕಥೀರೀ?" ಅಂದರು. ಬೇಸರಕ್ಕೆ ಕೇಳಿದ್ದಲ್ಲ, ಅವರಿಗೆ ನಿಜವಾಗಿ ತಮ್ಮ ಗುರುತು ಸಿಕ್ಕಿರಲಿಲ್ಲ. ಅವರು ಬಡತನ ಅನ್ನುವ ಪದವನ್ನೇ ಬಳಸಿರಲಿಲ್ಲ. ಒಂದು ಚಕ್ಕಡಿ, ಎರಡು ಎತ್ತು ಇದ್ದ ಮನೆ ಆ ಊರಲ್ಲಿ ಬಡವರ ಮನೆಯೇ ಅಲ್ಲ. ನಾನು ಭಾಷೆಯನ್ನು ತಿದ್ದಿದೆ ಅಂದುಕೊಂಡಿದ್ದೆ, ಅವರ ಬದುಕನ್ನೇ ತಿದ್ದಿಬಿಟ್ಟಿದ್ದೆ. ಆ ರಾತ್ರಿ ನಲವತ್ತು ಪುಟ ಹರಿದು ಹಾಕಿ ಮತ್ತೆ ಶುರು ಮಾಡಿದೆ:

"ಆಗ ಏನಿತ್ತು? ಒಂದು ಚಕ್ಕಡಿ, ಎರಡು ಎತ್ತು. ಅಪ್ಪ ರಾತ್ರಿ ಚೀಲ ಹೇರಿಕೊಂಡು ಹೊರಟರೆ ಬೆಳಕು ಹರಿಯುವುದರೊಳಗೆ ಬ್ಯಾಡಗಿ ಮುಟ್ಟಬೇಕು. ನಾನು ಚೀಲದ ಮೇಲೇ ಮಲಗುತ್ತಿದ್ದೆ. ಕಣ್ಣು ಉರಿಯುತ್ತಿದ್ದವು. ಮೆಣಸಿನಕಾಯಿ ಚೀಲ ಅಲ್ಲೇನ್ರೀ?"

ಏನು ಮಾಡಿದೆ ನೋಡಿ. ಪದಗಳ ಉಚ್ಚಾರ, ಕ್ರಿಯಾಪದದ ಕೊನೆ ಇಷ್ಟನ್ನು ಮಾತ್ರ ಪುಸ್ತಕದ ಕನ್ನಡಕ್ಕೆ ತಂದೆ, ಮೈಸೂರಿನವರಿಗೂ ಓದಲು ಬರಲಿ ಅಂತ. ಚಕ್ಕಡಿ ಚಕ್ಕಡಿಯಾಗಿಯೇ ಉಳಿಯಿತು. ಮುಟ್ಟಬೇಕು ಅನ್ನುವುದು ತಲುಪಬೇಕು ಆಗಲಿಲ್ಲ. ಮಾತಿನ ಸರದಿ ಅವರದೇ. ಕೊನೆಯ ಪ್ರಶ್ನೆಯನ್ನು ಅವರ ಬಾಯಿಂದ ಬಂದ ಹಾಗೇ ಬಿಟ್ಟೆ. ಯಾರದಾದರೂ ಸಂಭಾಷಣೆ ಬಂದಾಗ ಪೂರ್ತಿ ಆಡುಮಾತನ್ನೇ ಇಡುತ್ತೇನೆ. "ಹಂಗಾತು" ಅನ್ನುವುದನ್ನು ಅವರು ಪ್ರತಿ ಕಥೆಯ ಕೊನೆಗೂ ಹೇಳುತ್ತಿದ್ದರು. ಎಲ್ಲ ಕಡೆ ಹಾಕಿದರೆ ಸವೆಯುತ್ತದೆ. ಅಪ್ಪ ತೀರಿಕೊಂಡ ಅಧ್ಯಾಯದ ಕೊನೆಗೆ ಒಂದೇ ಒಂದು ಸಲ ಹಾಕಿದೆ.

ಇದಕ್ಕೆ ಒಂದು ನೋಟ್‌ಬುಕ್ ಬೇರೆ ಇಡಿ. ಅವರು ಮೇಲಿಂದ ಮೇಲೆ ಬಳಸುವ ಪದ, ಬೈಗುಳ, ಗಾದೆ, ಸಿಟ್ಟು ಬಂದಾಗಿನ ಮಾತು, ದುಃಖದಲ್ಲಿ ಮಾತು ಎಲ್ಲಿ ನಿಲ್ಲುತ್ತದೆ, ಎಲ್ಲ ಬರೆದುಕೊಳ್ಳಿ. ಅವರು ಎಂದೂ ಬಳಸದ ಪದಗಳ ಪಟ್ಟಿಯೂ ಅಷ್ಟೇ ಮುಖ್ಯ. ನನ್ನ ಪಟ್ಟಿಯಲ್ಲಿ ಮೊದಲು ಬರೆದ ಪದ "ಬಡತನ".

ಓದಿ ಹೇಳುವುದು, ತಿದ್ದುವುದು

ಕರಡನ್ನು ಕೊಟ್ಟು ಬರಬೇಡಿ, ಎದುರು ಕೂತು ಓದಿ ಹೇಳಿ. ಎಲ್ಲಿ ಅವರು ನಡುವೆ ಬಾಯಿ ಹಾಕಿ ಮುಂದಿನ ಸಾಲನ್ನು ತಾವೇ ಹೇಳುತ್ತಾರೋ ಅಲ್ಲಿ ದನಿ ಕೂತಿದೆ. ಎಲ್ಲಿ ಕಿಟಕಿ ಕಡೆ ನೋಡುತ್ತಾರೋ ಅಲ್ಲಿ ಗುರುತು ಹಾಕಿಕೊಳ್ಳಿ. ಪ್ರತಿ ಅಧ್ಯಾಯ ಒಪ್ಪಿಗೆ ಆದ ಮೇಲೆ ಪುಟದ ಕೆಳಗೆ ಸಹಿ ಹಾಕಿಸಿ. ಮುಂದೆ ಅಳಿಯಂದಿರು, ಸೊಸೆಯಂದಿರು ಬಂದು ಇದನ್ನು ತೆಗೆಯಿರಿ ಅದನ್ನು ಸೇರಿಸಿ ಅಂದಾಗ ಆ ಸಹಿಯೇ ನಿಮ್ಮ ಆಸರೆ.

ಅಚ್ಚಿಗೆ ಕೊಡುವಾಗ

ಗದಗಿಗೆ ಮುದ್ರಣ ಕಾಶಿ ಅನ್ನುತ್ತಾರೆ. ಅಚ್ಚು ಮಾಡಿಸಲು ನಾವು ದೂರ ಹೋಗಬೇಕಿಲ್ಲ. ಡೆಮಿ, ಅಂದರೆ ಸಾಮಾನ್ಯ ಪುಸ್ತಕದ ಅಳತೆಯ ಒಂದು ಪುಟಕ್ಕೆ ಸುಮಾರು 200 ಪದ ಹಿಡಿಯುತ್ತದೆ. ಪ್ರೆಸ್ಸಿನವರು ಎಣಿಸುವುದು ಹದಿನಾರು ಪುಟದ ಫಾರಂ ಲೆಕ್ಕದಲ್ಲಿ. 160 ಪುಟ ಅಂದರೆ ಹತ್ತು ಫಾರಂ. 163 ಪುಟ ಆದರೆ ಮೂರು ಪುಟಕ್ಕಾಗಿ ಖರ್ಚು ಏರುತ್ತದೆ, ಆದ್ದರಿಂದ ಬರೆಯುವಾಗಲೇ ಲೆಕ್ಕ ಇರಲಿ. ಯೂನಿಕೋಡ್‌ನಲ್ಲಿ ಬರೆದದ್ದನ್ನು ನುಡಿ ತಂತ್ರಾಂಶದ ಅಕ್ಷರಕ್ಕೆ ಬದಲಿಸಿದಾಗ ಅರ್ಕಾವತ್ತು, ಒತ್ತಕ್ಷರ ಅಲ್ಲಲ್ಲಿ ಕೆಡುತ್ತವೆ. ಬದಲಿಸಿದ ಮೇಲೆ ಮತ್ತೊಮ್ಮೆ ಕರಡು ತಿದ್ದಲೇಬೇಕು.

ಗುಟ್ಟು

ಪುಸ್ತಕ ಬಿಡುಗಡೆಗೆ ಕರೆದರೆ ಹೋಗಿ, ಹಿಂದಿನ ಸಾಲಿನಲ್ಲಿ ಕೂಡಿ. ಯಾರಾದರೂ "ನೀವೇ ಬರದ್ರಂತಲ್ರೀ" ಅಂದರೆ "ಅಜ್ಜಾರನ್ನ ಕೇಳ್ರಿ" ಅನ್ನಿ. ಮನೆಯಲ್ಲಿ, ಗೆಳೆಯರಲ್ಲಿ ಕೂಡ ಹೇಳಬೇಡಿ. ಮುಂದಿನ ಗಿರಾಕಿಗೆ ತೋರಿಸಲು ಮಾದರಿ ಬೇಕು ಅಂದರೆ ನಿಮ್ಮ ಹೆಸರಿನಲ್ಲೇ ಬರೆದ ನಾಲ್ಕು ವ್ಯಕ್ತಿಚಿತ್ರ ಇಟ್ಟುಕೊಳ್ಳಿ. ಹಳೆಯ ಗಿರಾಕಿಗಳು ಒಪ್ಪಿದರೆ ಅವರ ಫೋನ್ ನಂಬರ್ ಕೊಡಬಹುದು, ಕೇಳಿದ ಮೇಲೆ ಮಾತ್ರ.

ಕೊನೆಗೆ ರೆಕಾರ್ಡಿಂಗ್. ಎಲ್ಲವನ್ನೂ ಒಂದು ಪೆನ್‌ಡ್ರೈವ್‌ಗೆ ಹಾಕಿ, ಪ್ರತಿ ಫೈಲಿಗೆ ದಿನಾಂಕ ಮತ್ತು ಯಾವ ಮಾತು ಅಂತ ಹೆಸರು ಕೊಡಿ: "ಚಕ್ಕಡಿ", "ಮೊದಲ ಅಂಗಡಿ", "ಅಪ್ಪ ತೀರಿಕೊಂಡದ್ದು". ಹೇಳಿದವರ ಕೈಗೇ ಕೊಡಿ. ಯಾರಿಗೂ ಕೇಳಿಸಬೇಡ ಅಂದ ಭಾಗ ಇದ್ದರೆ ಅವರ ಎದುರೇ ತೆಗೆದುಹಾಕಿ. ಮುಟ್ಟಿತು ಅಂತ ಸಹಿ ತಗೊಳ್ಳಿ. ಆಮೇಲೆ ನಿಮ್ಮ ಫೋನಿನಿಂದ, ಕಂಪ್ಯೂಟರಿನಿಂದ ಅಳಿಸಿ.